ಮೇಸ್ತ್ರಿ ಬರೆದುಕೊಟ್ಟ ಮೂರು ಸಾಲು

ಈ ಮನುಷ್ಯನ ವಿಷಯ ನಾಲ್ಕು ಜನಕ್ಕೆ ಹೇಳಬೇಕು ಅನ್ನಿಸಿದ್ದಕ್ಕೆ ಕಾರಣ ಒಂದೇ. ಯಾರಿಗೂ ಗೊತ್ತಾಗದೆ ಮುಚ್ಚಿಹೋಗಬಹುದಾಗಿದ್ದ ಒಂದು ತಪ್ಪನ್ನು ಅವರು ತಾವಾಗಿ ಬರೆದುಕೊಟ್ಟರು. ಬರೆದರೆ ಮೂವತ್ತೊಂದು ವರ್ಷ ಮಾಡಿದ ಕೆಲಸ ಕೈಬಿಟ್ಟುಹೋಗುತ್ತದೆ ಎಂದು ಗೊತ್ತಿದ್ದೂ ಬರೆದರು. ಬರೆಯಬೇಡಿ ಎಂದು ಕೇಳಿಕೊಂಡವನು ನಾನು. ಅದಕ್ಕೇ ಇದನ್ನು ನಾನೇ ಹೇಳಬೇಕು.

ಅವರು ಲಿಫ್ಟ್ ಮೆಕ್ಯಾನಿಕ್. ಕಂಪನಿಯಲ್ಲಿ ಎಲ್ಲರೂ ಮೇಸ್ತ್ರಿ ಅನ್ನುತ್ತಾರೆ. ಹನ್ನೊಂದು ವರ್ಷದಿಂದ ನಾನು ಅವರ ಜೊತೆಗಾರ. ಕಟ್ಟಡದ ನೆತ್ತಿಯಲ್ಲಿ ಮೋಟಾರ್ ಇರುವ ಮೆಷಿನ್ ರೂಮಿಗೆ ಕಾಲಿಟ್ಟ ಕೂಡಲೇ ಕಣ್ಣು ಮುಚ್ಚಿ ಒಂದು ನಿಮಿಷ ನಿಲ್ಲುತ್ತಾರೆ. ಮೋಟಾರಿನ ಸದ್ದು ಕೇಳಿಯೇ ಯಾವ ಬೇರಿಂಗ್ ಸವೆದಿದೆ ಎಂದು ಹೇಳುತ್ತಾರೆ. ಬೇರೆ ಕೆಲಸ ಅವರಿಗೆ ಗೊತ್ತಿಲ್ಲ, ಬೇಕಾಗಿಯೂ ಇರಲಿಲ್ಲ.

ನಮ್ಮ ಕೆಲಸದಲ್ಲಿ ಜಂಪರ್ ಅಂತ ಒಂದಿದೆ. ಮೊಳದುದ್ದದ ಕೆಂಪು ವೈರು, ಎರಡು ತುದಿಗೂ ಕ್ಲಿಪ್ಪು. ಬಾಗಿಲು ತೆರೆದಿದ್ದರೆ ಲಿಫ್ಟ್ ಅಲುಗಾಡಬಾರದು. ಆದರೆ ಆ ಬಾಗಿಲನ್ನೇ ಪರೀಕ್ಷೆ ಮಾಡುವಾಗ ತೆರೆದಿಟ್ಟು ಓಡಿಸಬೇಕಾಗುತ್ತದೆ. ಆಗ ಮೇಲೆ ಮೆಷಿನ್ ರೂಮಿನ ಪ್ಯಾನೆಲ್‌ನಲ್ಲಿ ಜಂಪರ್ ಸಿಕ್ಕಿಸುತ್ತೇವೆ. ಸಿಕ್ಕಿಸಿದ ಮೇಲೆ, ಬಾಗಿಲು ತೆರೆದಿರಲಿ ಬಿಡಲಿ, ಲಿಫ್ಟಿಗೆ ಅದು ಮುಚ್ಚಿದಂತೆಯೇ. ಕೆಲಸ ಮುಗಿಸಿ ತೆಗೆಯಲು ಮರೆತರೆ, ಯಾರಾದರೂ ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟಿರುವಾಗಲೇ ಅದು ಹೊರಟುಬಿಡಬಹುದು. ಮುಂದಿನದನ್ನು ಬಿಡಿಸಿ ಹೇಳುವುದು ಬೇಡ.

ಅದಕ್ಕೆ ಕಂಪನಿಯಲ್ಲಿ ಒಂದು ಪದ್ಧತಿ. ಒಬ್ಬ ಮೆಕ್ಯಾನಿಕ್‌ಗೆ ಎರಡೇ ಜಂಪರ್. ಮೆಷಿನ್ ರೂಮಿಗೆ ಬೀಗ ಹಾಕುವ ಮುಂಚೆ ಎರಡನ್ನೂ ಅಂಗೈ ಮೇಲಿಟ್ಟು ಜೊತೆಗಾರನಿಗೆ ತೋರಿಸಬೇಕು. ಅವನು ನೋಡಿ ಪುಸ್ತಕದಲ್ಲಿ ಸಹಿ ಮಾಡಬೇಕು. ಜಂಪರ್ ಬಿಟ್ಟು ಬಂದವನಿಗೆ ಎರಡನೇ ಅವಕಾಶ ಇಲ್ಲ. ಲೈಸೆನ್ಸ್ ಹೋಗುತ್ತದೆ. ಮತ್ತೆ ಮೆಷಿನ್ ರೂಮಿನ ಹೊಸಿಲು ದಾಟುವಂತಿಲ್ಲ.

ಮೇಸ್ತ್ರಿ ಹುಟ್ಟಿದಾಗಿನಿಂದ ಚರ್ಚಿನ ಸಭೆಗೆ ಹೋಗುವವರೇ. ಆದರೆ ಮನೆಯಲ್ಲಿ ಬೈಬಲ್ ಕಪಾಟಿನ ಮೇಲಿತ್ತು, ಅದರ ಮೇಲೆ ಟಾರ್ಚು ಇತ್ತು. ಕರೆಂಟ್ ಹೋದಾಗ ಮಾತ್ರ ಆ ಕಡೆ ಕೈ ಹೋಗುತ್ತಿತ್ತು. ಮೂಗಿನ ತುದಿಯಲ್ಲಿ ಕೋಪ. ಕೆಳಗೆ ಬಿದ್ದ ಒಂದು ಸ್ಕ್ರೂಗೆ ನನ್ನ ಅಪ್ಪ ಅಜ್ಜ ಎಲ್ಲರನ್ನೂ ಕರೆದು ನಿಲ್ಲಿಸುತ್ತಿದ್ದರು.

ಆರು ವರ್ಷದ ಹಿಂದೆ ಒಂದು ವಸತಿ ಕಟ್ಟಡದಲ್ಲಿ ಹಾಗೇ ನನ್ನನ್ನು ಬೈಯುತ್ತಿದ್ದರು. ಮೂರನೇ ಮಹಡಿಯ ಬಾಗಿಲು ತೆರೆಯಿತು. ಬಿಳಿ ಕೂದಲಿನ ಹೆಂಗಸು. ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತಿಯಾದವರು, ನರ್ಸಮ್ಮ ಅನ್ನುತ್ತಾರೆ ಎಂದು ಆಮೇಲೆ ಗೊತ್ತಾಯಿತು.

"ಯಾರಪ್ಪ ಅದು ಬೈತಾ ಇರೋದು?"

"ನಾನೇ. ಯಾಕೆ?" ಅಂದರು ಮೇಸ್ತ್ರಿ.

"ಮೈಕ್ ಇಲ್ದೆ ಎಂಟು ಮನೆಗೆ ಕೇಳ್ತಾ ಇದೆ. ನನ್ನ ಕಣ್ಣು ಮಂಜಾಗಿದೆ. ಭಾನುವಾರ ನಾಲ್ಕಕ್ಕೆ ಇಲ್ಲಿ ನಾಲ್ಕು ಜನ ಸೇರಿ ಬೈಬಲ್ ಓದ್ತೀವಿ, ಗಟ್ಟಿಯಾಗಿ ಓದೋರು ಬೇಕು. ಬಾ. ಆ ಗಂಟಲು ಒಳ್ಳೇದಕ್ಕೂ ಸ್ವಲ್ಪ ಸವೀಲಿ."

ಯಾಕೆ ಹೋದರೋ ಗೊತ್ತಿಲ್ಲ. ಹೋದರು.

ಅಲ್ಲಿ ಓದುವ ಕ್ರಮ ಬೇರೆ. ಒಂದೇ ಭಾಗವನ್ನು ನಾಲ್ಕು ಭಾನುವಾರ ಓದುತ್ತಾರೆ. ಓದಿದ ಮೇಲೆ ನರ್ಸಮ್ಮ ಕೇಳುತ್ತಾರೆ, "ಈ ವಾರ ಎಲ್ಲಿ ಚುಚ್ಚಿತು?" ಉತ್ತರವನ್ನು 'ನಾನು' ಎಂದೇ ಶುರುಮಾಡಬೇಕು. ಏನು ನಡೆಯಿತೋ ಅದನ್ನು ಮೊದಲಿನಿಂದ ಕೊನೆಯವರೆಗೆ, ಒಂದನ್ನೂ ಹಾರಿಸದೆ ಹೇಳಬೇಕು. 'ನೀವು' ಎಂದು ಶುರುಮಾಡಿದವರು ಚಹಾ ಲೋಟ ತೊಳೆಯಬೇಕು. ಮೊದಲ ದಿನ ಮೇಸ್ತ್ರಿ ಕೋಪದ ಬಗ್ಗೆ ಒಂದು ಭಾಗ ಓದಿ, ಕನ್ನಡಕ ತೆಗೆದು, "ನೀವೆಲ್ಲ ಇದನ್ನ ಸರಿಯಾಗಿ ಕೇಳಿಸ್ಕೋಬೇಕು" ಅಂದರಂತೆ.

ಪಕ್ಕದಲ್ಲಿದ್ದ ಟೈಲರಕ್ಕ, "ಲೋಟ ಅಲ್ಲಿದೆ ಮೇಸ್ತ್ರಿ, ಸೋಪು ಕಿಟಕಿ ಮೇಲೆ" ಅಂದಳಂತೆ.

ಮೂರು ತಿಂಗಳು ಅವರೇ ಲೋಟ ತೊಳೆದರು.

ವೈರಿಂಗ್ ನಕ್ಷೆ ಓದಿದ ಹಾಗೆ ಬೈಬಲ್ ಓದುತ್ತಿದ್ದರು. ಬೆರಳಿಟ್ಟು, ಒಂದು ಸಾಲು ಎಲ್ಲಿಂದ ಹೊರಟು ಎಲ್ಲಿ ಮುಟ್ಟುತ್ತದೆ ಎಂದು ತಿಳಿಯುವವರೆಗೆ ಮುಂದೆ ಹೋಗುತ್ತಿರಲಿಲ್ಲ. ಒಂದು ಸೋಮವಾರ ನನ್ನ ಹತ್ತಿರ ಬಂದು ನಿಂತರು.

"ನಿನ್ನೆ ಓದಿದ್ದು ಬೆಳಗ್ಗೆಯಿಂದ ಚುಚ್ತಾ ಇದೆ. ಶುಕ್ರವಾರ ನಾನು ನಿನ್ನ ಮೇಲೆ ಕೂಗಬಾರದಿತ್ತು."

"ಜ್ವರ ಏನಾದ್ರೂ ಇದೆಯಾ ಮೇಸ್ತ್ರಿ?"

"ಬಾಯಿ ಮುಚ್ಕೊಂಡು ಸ್ಪ್ಯಾನರ್ ಕೊಡು."

ಅದಾದ ಮೇಲೆ ನಾನೂ ಭಾನುವಾರ ಹೋಗತೊಡಗಿದೆ. ಅವರ ಕೋಪ ಒಂದೇ ದಿನಕ್ಕೆ ಇಳಿಯಲಿಲ್ಲ. ಇಂಚಿಂಚಾಗಿ ಇಳಿಯಿತು. ಕೆಲವು ವಾರ ಮತ್ತೆ ಏರಿತು.

ಹೋದ ವರ್ಷದ ಮಾತು. ಅವರ ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳಿತ್ತು. ಒಂದು ಶನಿವಾರ ಎಂಟು ಮಹಡಿಯ ಕಟ್ಟಡದಲ್ಲಿ ಕೆಲಸ. ಐದನೇ ಮಹಡಿಯಲ್ಲಿ ಕಣ್ಣಿನ ಕ್ಲಿನಿಕ್, ಉಳಿದದ್ದು ಆಫೀಸುಗಳು. ಹಳೇ ಲಿಫ್ಟು, ಬಾಗಿಲು ಕೈಯಿಂದ ಎಳೆಯುವಂಥದ್ದು. ಮೂರು ಗಂಟೆಗೆ ನನ್ನ ಮಗಳು ಫೋನ್ ಮಾಡಿ ಅಮ್ಮನಿಗೆ ಜ್ವರ ಏರಿದೆ ಅಂದಳು.

"ನೀನು ಹೋಗು. ಇನ್ನೇನು ಹತ್ತು ನಿಮಿಷದ ಕೆಲಸ" ಅಂದರು ಮೇಸ್ತ್ರಿ.

"ಸಹಿ?"

"ನಾನು ನೋಡ್ಕೋತೀನಿ. ಹೋಗಪ್ಪ."

ಹೋದೆ.

ಮರುದಿನ ಭಾನುವಾರ, ನಾಲ್ಕು ಗಂಟೆ. ಹೆಂಡತಿಯ ಜ್ವರ ಇಳಿದಿತ್ತು, ನಾನೂ ಹೋಗಿದ್ದೆ. ನರ್ಸಮ್ಮನ ಮುಂದಿನ ಕೋಣೆಯಲ್ಲಿ ಆರು ಪ್ಲಾಸ್ಟಿಕ್ ಕುರ್ಚಿ. ಮೂರನೇ ವಾರ ಅದೇ ಚಿಕ್ಕ ಕೀರ್ತನೆ ಓದುತ್ತಿದ್ದೆವು. ದೇವರ ಹತ್ತಿರ ವಾಸ ಮಾಡುವವನು ಎಂಥವನಾಗಿರಬೇಕು ಎಂದು ಕೇಳುವ ಕೀರ್ತನೆ. ಅವನು ಮನಸ್ಸಿನಲ್ಲಿರುವ ನಿಜವನ್ನೇ ಆಡುತ್ತಾನೆ, ಆಡಿದ ಮಾತಿನಿಂದ ತನಗೇ ನಷ್ಟವಾದರೂ ಹಿಂದೆ ಸರಿಯುವುದಿಲ್ಲ ಎಂಬ ಅರ್ಥದ ಮಾತು ಅದರಲ್ಲಿದೆ.

"ಎಲ್ಲಿ ಚುಚ್ಚಿತು?" ನರ್ಸಮ್ಮ ಕೇಳಿದರು.

ಮೇಸ್ತ್ರಿ ಕನ್ನಡಕ ತೆಗೆದರು. "ನಾನು ನಿನ್ನೆ ಒಂದು ಸುಳ್ಳು ಸಹಿ ಮಾಡಿದೆ. ಇವನನ್ನ ಮನೆಗೆ ಕಳಿಸಿ, ಇವನ ಹೆಸರನ್ನೂ ನಾನೇ ಬರೆದೆ."

ಟೈಲರಕ್ಕ ನನ್ನ ಕಡೆ ನೋಡಿದಳು.

"ಮೊದಲಿನಿಂದ ಹೇಳಪ್ಪ" ಅಂದರು ನರ್ಸಮ್ಮ.

ಮೇಸ್ತ್ರಿ ಕೈ ಆಡಿಸುತ್ತ ಹೇಳತೊಡಗಿದರು. "ಇವನು ಹೋದ. ನಾನು ಐದನೇ ಮಹಡಿ ಬಾಗಿಲು ನೋಡಿದೆ, ಸರಿಯಾಗಿತ್ತು. ಮೆಟ್ಟಿಲು ಹತ್ತಿ ಮೇಲೆ ಹೋದೆ. ಪ್ಯಾನೆಲ್ ಎಡಗಡೆ ಜಂಪರ್ ತೆಗೆದೆ, ಸುತ್ತಿ ಚೀಲಕ್ಕೆ ಹಾಕಿದೆ. ಆಮೇಲೆ ಬಲಗಡೆ..."

ಬಲಗೈ ಗಾಳಿಯಲ್ಲೇ ನಿಂತಿತು.

"ಆಮೇಲೆ?" ಅಂದಳು ಟೈಲರಕ್ಕ.

ಮೇಸ್ತ್ರಿಯ ಮುಖದ ಬಣ್ಣ ಇಳಿದಿತ್ತು. "ಆಮೇಲೆ ಪುಸ್ತಕ ತೆಗೆದು ಸಹಿ ಮಾಡಿದೆ" ಅಂದರು.

ಅವರು ಮನೆಗೆ ಫೋನ್ ಹಚ್ಚಿದರು. ಕೋಣೆಗೆಲ್ಲ ಕೇಳುತ್ತಿತ್ತು.

"ನನ್ನ ಚೀಲ ತೆಗಿ. ಕೆಂಪು ವೈರು ಎಷ್ಟಿದೆ ನೋಡು."

ಅತ್ತಿಗೆ, ಅಂದರೆ ಮೇಸ್ತ್ರಿಯ ಹೆಂಡತಿ, ಹುಡುಕುವ ಸದ್ದು. "ಒಂದು."

"ಪಕ್ಕದ ಜೇಬು ನೋಡು. ಚೀಲ ಮಗುಚಿ ನೋಡು."

"ಒಂದು ಅಂದ್ರೆ ಒಂದೇ. ನನಗೆ ಎಣಿಸೋಕೆ ಬರಲ್ವಾ?"

ಗೋಡೆ ಗಡಿಯಾರದಲ್ಲಿ ನಾಲ್ಕು ಹತ್ತು. ಭಾನುವಾರ ಆಫೀಸುಗಳಿಗೆ ರಜೆ. ಆದರೆ ಕ್ಲಿನಿಕ್ ಐದಕ್ಕೆ ತೆರೆಯುತ್ತದೆ. ವಾರದಲ್ಲಿ ಆಪರೇಷನ್ ಆದವರು ಬ್ಯಾಂಡೇಜ್ ಬಿಚ್ಚಿಸಲು ಅವತ್ತು ಬರುತ್ತಾರೆ. ಒಂದು ಕಣ್ಣು ಕಟ್ಟಿಕೊಂಡವರು, ಇನ್ನೊಂದರಲ್ಲೂ ಸರಿಯಾಗಿ ಕಾಣದವರು. ಹೆಜ್ಜೆ ತಡವಿ ತಡವಿ ಇಡುವವರು.

ಕಟ್ಟಡದ ವಾಚ್‌ಮನ್‌ಗೆ ಫೋನ್ ಮಾಡಿದೆ. ರಿಂಗ್ ಆಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ.

"ನಂಬರ್ ನನಗೆ ಹೇಳಿ, ನಾನು ಮಾಡ್ತಾ ಇರ್ತೀನಿ" ಅಂದಳು ಟೈಲರಕ್ಕ. "ನೀವು ಹೊರಡಿ."

ನನ್ನ ಸ್ಕೂಟರಿನಲ್ಲಿ ಹೊರಟೆವು. ಮೂರು ಸಿಗ್ನಲ್. ಮೊದಲನೆಯದರಲ್ಲಿ ಕೆಂಪು. ಹಿಂದೆ ಕೂತಿದ್ದ ಮೇಸ್ತ್ರಿಯ ಮೊಣಕಾಲು ನನ್ನ ಬೆನ್ನಿಗೆ ಬಡಿಯುತ್ತಿತ್ತು. ಹಿಂದಿನ ಮೇಸ್ತ್ರಿಯಾಗಿದ್ದರೆ ಇಷ್ಟು ಹೊತ್ತಿಗೆ ಸಿಗ್ನಲ್ಲಿಗೂ ಬೈದು, ನನಗೂ ಬೈದು, ನನ್ನ ಹೆಂಡತಿಯ ಜ್ವರಕ್ಕೂ ಬೈಯುತ್ತಿದ್ದರು. ಈಗ ತುಟಿ ಮಾತ್ರ ಅಲುಗಾಡುತ್ತಿರುವುದು ಕನ್ನಡಿಯಲ್ಲಿ ಕಾಣುತ್ತಿತ್ತು.

ಎರಡನೇ ಸಿಗ್ನಲ್ ದಾಟಿದ ಮೇಲೆ ಲಾರಿಯೊಂದು ಅಡ್ಡ ನಿಂತಿತ್ತು. ಮೇಸ್ತ್ರಿ ಇಳಿದು ಓಡತೊಡಗಿದರು. ಐವತ್ತೊಂಬತ್ತರ ಮನುಷ್ಯ, ಮೊಣಕಾಲು ನೋವು ಬೇರೆ. ನಾನು ಫುಟ್‌ಪಾತ್ ಮೇಲೆ ಸ್ಕೂಟರ್ ಹತ್ತಿಸಿ, ಮುಂದೆ ಹೋಗಿ ಅವರನ್ನು ಮತ್ತೆ ಕೂರಿಸಿಕೊಂಡೆ.

ತಲುಪಿದಾಗ ನಾಲ್ಕು ಮೂವತ್ತೆಂಟು. ವಾಚ್‌ಮನ್ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದ. ಫೋನ್ ಒಳಗೆ ಚಾರ್ಜಿಗೆ ಇಟ್ಟಿದ್ದನಂತೆ.

"ಲಿಫ್ಟಲ್ಲಿ ಯಾರಾದ್ರೂ ಹೋದ್ರಾ?" ಮೇಸ್ತ್ರಿ ಕೇಳಿದರು.

"ಈಗಷ್ಟೇ. ಒಬ್ಬ ಅಜ್ಜ, ಅವರ ಮಗಳು. ಕ್ಲಿನಿಕ್ಕಿಗೆ."

ಬಾಗಿಲ ಮೇಲೆ ಎರಡು ಎಂಬ ದೀಪ ಆರಿ ಮೂರು ಹತ್ತಿತು. ಲಿಫ್ಟ್ ಏರುತ್ತಿತ್ತು. ಐದರಲ್ಲಿ ನಿಲ್ಲುತ್ತದೆ. ಅಜ್ಜ ಕಾಲು ತಡವಿ ಹೊರಗಿಡುತ್ತಾರೆ. ಅಷ್ಟರಲ್ಲಿ ಬೇರೆ ಮಹಡಿಯಲ್ಲಿ ಯಾರಾದರೂ ಗುಂಡಿ ಒತ್ತಿದರೆ ಮುಗಿಯಿತು. ಕ್ಲಿನಿಕ್ಕಿನ ಕೆಲಸದವರು ಮೇಲೆ ಕೆಳಗೆ ಓಡಾಡುವ ಹೊತ್ತು ಅದೇ.

"ಮೇನ್ ಸ್ವಿಚ್" ಅಂದರು ಮೇಸ್ತ್ರಿ.

ವಾಚ್‌ಮನ್ ಕೋಣೆಯ ಗೋಡೆಯಲ್ಲೇ ಇತ್ತು. ನಾನು ಎಳೆದೆ. ಕಟ್ಟಡದ ದೀಪಗಳೆಲ್ಲ ಆರಿದವು. ಮೇಲಿಂದ ಹೆಣ್ಣು ದನಿಯ ಕೂಗು ಕೇಳಿತು. ಲಿಫ್ಟ್ ನಾಲ್ಕು ಮತ್ತು ಐದರ ನಡುವೆ ನಿಂತಿತ್ತು.

"ನೀನು ಮೇಲೆ ಹೋಗು. ಪ್ಯಾನೆಲ್ ಬಲಗಡೆ. ತೆಗೆದ ಮೇಲೆ ಫೋನ್ ಮಾಡು. ಅಲ್ಲಿವರೆಗೆ ಯಾರೂ ಸ್ವಿಚ್ ಮುಟ್ಟಬಾರದು." ಇಷ್ಟು ಹೇಳಿ ಮೇಸ್ತ್ರಿ ಸಿಕ್ಕಿಕೊಂಡವರಿಗೆ ಧೈರ್ಯ ಹೇಳಲು ಐದನೇ ಮಹಡಿಗೆ ಮೆಟ್ಟಿಲು ಹತ್ತತೊಡಗಿದರು.

ಎಂಟು ಮಹಡಿ ಹತ್ತಿ, ಮೇಸ್ತ್ರಿ ಕೊಟ್ಟ ಕೀಲಿಯಿಂದ ಮೆಷಿನ್ ರೂಮಿನ ಬೀಗ ತೆಗೆದೆ. ಫೋನಿನ ಟಾರ್ಚ್ ಬಿಟ್ಟೆ. ಪ್ಯಾನೆಲ್‌ನ ಬಲಗಡೆ ಕೆಂಪು ವೈರು, ನಾವು ಸಿಕ್ಕಿಸಿದ ಹಾಗೇ ಇತ್ತು. ಪಕ್ಕದಲ್ಲಿ ಪುಸ್ತಕ. ಅದರಲ್ಲಿ ಅವರ ಸಹಿ, ಅದರ ಕೆಳಗೆ ಅವರದೇ ಕೈಬರಹದಲ್ಲಿ ನನ್ನ ಹೆಸರು. ವೈರು ಕಿತ್ತು ಜೇಬಿಗೆ ಹಾಕಿಕೊಂಡೆ. ಮೇಸ್ತ್ರಿಗೆ ಫೋನ್ ಮಾಡಿ ತೆಗೆದೆ ಅಂದೆ. ಅವರು ಕೂಗಿ ಹೇಳಿದರು, ಕೆಳಗೆ ವಾಚ್‌ಮನ್ ಸ್ವಿಚ್ ಹಾಕಿದ, ಕರೆಂಟ್ ಬಂತು. ಲಿಫ್ಟ್ ಅಲುಗಾಡಿ ಐದಕ್ಕೆ ಏರಿತು.

ನಾನು ಇಳಿದು ಬಂದಾಗ ಐದನೇ ಮಹಡಿಯಲ್ಲಿ ಅಜ್ಜ ಬೆಂಚಿನ ಮೇಲೆ ಕೂತು ನೀರು ಕುಡಿಯುತ್ತಿದ್ದರು. ಮಗಳು ಮೇಸ್ತ್ರಿಯನ್ನು ತರಾಟೆಗೆ ತೆಗೆದುಕೊಂಡಿದ್ದಳು.

"ಅಪ್ಪನಿಗೆ ಆಪರೇಷನ್ ಆಗಿ ಮೂರು ದಿನ. ಅಲ್ಲಾಡಬಾರದು ಅಂದಿದ್ದಾರೆ ಡಾಕ್ಟ್ರು. ಕತ್ತಲಲ್ಲಿ ನೇತಾಡಿಸ್ತೀರಲ್ಲ, ಇದೇನು ಲಿಫ್ಟಾ, ಉಯ್ಯಾಲೆನಾ?"

"ಪಾಪ, ಕರೆಂಟ್ ಹೋದ್ರೆ ಅವರೇನು ಮಾಡ್ತಾರೆ" ಅಂದರು ಅಜ್ಜ.

"ಕರೆಂಟ್ ಅಲ್ಲಪ್ಪ. ನಿನ್ನೆ ನಾನು ಮಾಡಿದ ಕೆಲಸದಲ್ಲಿ ತಪ್ಪಿತ್ತು" ಅಂದರು ಮೇಸ್ತ್ರಿ.

ಆಕೆ ಇನ್ನಷ್ಟು ಬೈದಳು. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಆಕೆಗೆ ಜಂಪರ್ ವಿಷಯ ಗೊತ್ತಿಲ್ಲ. ಗೊತ್ತಿದ್ದರೆ ಬೈಯಲು ಬಾಯಿ ಬರುತ್ತಿರಲಿಲ್ಲ.

ಕೆಳಗೆ ಇಳಿಯುವಾಗ ಎರಡನೇ ಮಹಡಿಯ ಮೆಟ್ಟಿಲ ಮೇಲೆ ಮೇಸ್ತ್ರಿ ಕುಸಿದು ಕೂತರು. ನಾನು ಪಕ್ಕದಲ್ಲಿ ಕೂತೆ.

"ವೈರು ನನ್ನ ಜೇಬಲ್ಲಿದೆ" ಅಂದೆ. "ಮುಗೀತು ಮೇಸ್ತ್ರಿ. ಯಾರಿಗೂ ಏನೂ ಆಗಿಲ್ಲ. ವಾಚ್‌ಮನ್‌ಗೆ ಗೊತ್ತಿಲ್ಲ, ಕಂಪನಿಗೆ ಗೊತ್ತಿಲ್ಲ."

"ಪುಸ್ತಕದಲ್ಲಿ ಸುಳ್ಳಿದೆಯಲ್ಲ."

"ಎಷ್ಟೋ ಪುಸ್ತಕದಲ್ಲಿ ಇರುತ್ತೆ. ಹದಿನಾಲ್ಕು ತಿಂಗಳು. ಕಣ್ಣು ಮುಚ್ಚಿ ಬಿಡೋದ್ರಲ್ಲಿ ಮುಗಿಯುತ್ತೆ. ಇದನ್ನ ಹೇಳಿದ್ರೆ ನಾಳೆಯಿಂದ ನೀವು ಮೆಷಿನ್ ರೂಮ್ ನೋಡಲ್ಲ." ಇಲ್ಲಿ ನಾನು ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ನನ್ನ ಹೆಸರೂ ಇದೆ. ನನ್ನ ಮಗಳು ಇನ್ನೂ ಓದ್ತಾ ಇದಾಳೆ."

"ನಿನಗೆ ತೊಂದರೆ ಆಗದ ಹಾಗೆ ನಿಜ ಹೇಳೋಕೆ ಆಗುತ್ತಾ ಅಂತ ಯೋಚ್ನೆ ಮಾಡ್ತಾ ಇದೀನಿ" ಅಂದರು. "ದಾರಿ ಸಿಕ್ತಾ ಇಲ್ಲ."

"ಹಾಗಾದ್ರೆ ಹೇಳಬೇಡಿ."

ಮೇಸ್ತ್ರಿ ಕಂಬಿ ಹಿಡಿದು ಎದ್ದರು. ಅವರನ್ನು ಮನೆಯವರೆಗೂ ಬಿಟ್ಟು ಬಂದೆ.

ಅವತ್ತು ಮನೆಯಲ್ಲಿ ನಡೆದದ್ದನ್ನು ಅತ್ತಿಗೆಯೇ ಆಮೇಲೆ ಹೇಳಿದರು. ಊಟಕ್ಕೆ ಕೂತವರು ಎದ್ದು ಹೋಗಿ ಅದೇ ಕೀರ್ತನೆ ತೆರೆದು ಕೂತರಂತೆ. "ಅದರಲ್ಲಿ ಲಿಫ್ಟ್ ವಿಷಯ ಬರೆದಿಲ್ಲ, ಬಂದು ಊಟ ಮಾಡಿ" ಅಂದರಂತೆ ಅತ್ತಿಗೆ. "ಅದೇ ಕಷ್ಟ. ಯಾವುದೋ ಒಂದು ಕೆಲಸದ ಹೆಸರು ಬರೆದಿದ್ರೆ ಅದು ಬೇರೆಯವರಿಗೆ ಅಂತ ಬಿಡಬಹುದಿತ್ತು" ಅಂದರಂತೆ ಇವರು.

ಸೋಮವಾರ ಬೆಳಗ್ಗೆ ಕಂಪನಿಯ ಆಫೀಸು. ನನಗಿಂತ ಮುಂಚೆ ಬಂದಿದ್ದರು. ಇಂಜಿನಿಯರ್ ಸಾಹೇಬರ ಮೇಜಿನ ಮುಂದೆ ನಿಂತಿದ್ದರು, ಕೈಯಲ್ಲಿ ಒಂದು ಹಾಳೆ. ಸಾಹೇಬರು ನನ್ನನ್ನೂ ಒಳಗೆ ಕರೆದರು. ಹಾಳೆಯಲ್ಲಿ ಮೂರೇ ಸಾಲು.

ಶನಿವಾರ ಒಂದು ಜಂಪರ್ ತೆಗೆಯದೆ ಬಂದವನು ನಾನು. ಜೊತೆಗಾರನನ್ನು ಮೂರು ಗಂಟೆಗೆ ಮನೆಗೆ ಕಳಿಸಿದವನು ನಾನು. ಅವನ ಜಾಗದಲ್ಲಿ ಅವನ ಸಹಿ ಮಾಡಿದವನೂ ನಾನೇ.

ಸಾಹೇಬರು ವಯಸ್ಸಿನಲ್ಲಿ ಮೇಸ್ತ್ರಿಗಿಂತ ಇಪ್ಪತ್ತು ವರ್ಷ ಚಿಕ್ಕವರು. ಕೆಲಸ ಕಲಿತದ್ದು ಇವರ ಕೈಯಲ್ಲೇ. ಹಾಳೆಯನ್ನು ಮಡಚಿದರು, ಬಿಚ್ಚಿದರು. ಎದ್ದು ಹೋಗಿ ಬಾಗಿಲು ಹಾಕಿ ಬಂದರು.

"ಮೇಸ್ತ್ರಿ, ಇದು ನನ್ನ ಕೈಗೆ ಬಂದ ಮೇಲೆ ನಾನು ಸುಮ್ಮನಿರೋಕೆ ಆಗಲ್ಲ. ಆದ್ರೆ ಒಂದು ಸಾಲು ಬದಲಾಯಿಸಿ. ಜೊತೆಗಾರ ಹೇಳದೆ ಕೇಳದೆ ಹೊರಟುಹೋದ ಅಂತ ಬರೀರಿ. ಒಬ್ಬರೇ ಇದ್ರಿ, ಗಡಿಬಿಡಿಯಾಯ್ತು. ನಿಮ್ಮ ಲೈಸೆನ್ಸ್ ನಾನು ಉಳಿಸ್ತೀನಿ. ಇವನಿಗೆ ಆರು ತಿಂಗಳು ಅಮಾನತು, ಆಮೇಲೆ ವಾಪಸ್ ತಗೋತೀನಿ." ನನ್ನ ಕಡೆ ತಿರುಗಿದರು. "ನೀನೇನಂತೀಯ?"

ನಿನ್ನೆ ಮೆಟ್ಟಿಲ ಮೇಲೆ ಅಷ್ಟು ಮಾತಾಡಿದವನಿಗೆ ಒಂದು ಶಬ್ದ ಹೊರಡಲಿಲ್ಲ. ಮೇಸ್ತ್ರಿ ನನ್ನ ಮುಖ ನೋಡಲಿಲ್ಲ, ಮೇಜಿನ ಮೇಲಿದ್ದ ಹಾಳೆಯನ್ನೇ ನೋಡುತ್ತಿದ್ದರು. ಎರಡನೇ ಸಾಲಿನ ಮೇಲೆ ಬೆರಳಿಟ್ಟರು. ಅವರಿಗೂ ಆಸೆ ಇತ್ತು, ಅದು ನನಗೆ ಗೊತ್ತಾಯಿತು. ಬೆರಳು ಅಲ್ಲೇ ತುಂಬಾ ಹೊತ್ತು ನಿಂತಿತು.

"ಇವನು ಹೋಗಲಾ ಅಂತ ಸಹ ಕೇಳಲಿಲ್ಲ ಸಾಹೇಬ್ರೆ. ನಾನೇ ಹೋಗು ಅಂದಿದ್ದು" ಅಂದರು. "ಬರೆದಿದ್ದು ಇರಲಿ."

"ಯೋಚ್ನೆ ಮಾಡಿ. ಇದಾದ ಮೇಲೆ ನನ್ನ ಕೈಯಲ್ಲಿಲ್ಲ."

"ಗೊತ್ತು."

ಲೈಸೆನ್ಸ್ ಕಾರ್ಡು, ಮೆಷಿನ್ ರೂಮುಗಳ ಕೀಲಿಗೊಂಚಲು ಎರಡನ್ನೂ ಮೇಜಿನ ಮೇಲಿಟ್ಟರು. ಕೀಲಿಗಳಿಗೆ ಅವರೇ ಬಣ್ಣದ ದಾರ ಕಟ್ಟಿದ್ದರು, ಒಂದೊಂದು ಕಟ್ಟಡಕ್ಕೆ ಒಂದೊಂದು ಬಣ್ಣ. "ಹಸಿರು ದಾರದ ಬೀಗ ಬಿಗಿ, ಸ್ವಲ್ಪ ಎಣ್ಣೆ ಬಿಡೋಕೆ ಹೇಳಿ" ಅಂದು ಹೊರಗೆ ಹೋದರು.

ಅವರನ್ನು ಸಾಮಾನು ಕೋಣೆಗೆ ಹಾಕಿದರು. ನನಗೂ ಎಚ್ಚರಿಕೆ ಪತ್ರ ಬಂತು. ಕೆಲಸ ಬಿಟ್ಟು ಹೋಗುವಾಗ ಆಫೀಸಿಗೆ ತಿಳಿಸಬೇಕಿತ್ತು ಎಂದು. ನಿಜ ಹೇಳುತ್ತೇನೆ, ಅವರು ನನ್ನನ್ನು ಉಳಿಸಿದರು ಎಂದು ಗೊತ್ತಿದ್ದೂ ಆ ಪತ್ರಕ್ಕೆ ನನಗೆ ಸಿಟ್ಟು ಬಂತು. ಎರಡು ವಾರ ಅವರ ಜೊತೆ ಮಾತು ಬಿಟ್ಟೆ, ಭಾನುವಾರವೂ ಹೋಗಲಿಲ್ಲ. ಮೂರನೇ ವಾರ ಅವರೇ ನನ್ನ ಮನೆ ಬಾಗಿಲಿಗೆ ಬಂದರು.

"ನಾನು ನಿನಗೆ ತೊಂದರೆ ಕೊಟ್ಟೆ" ಅಂದರು.

"ನೀವು ಕೊಟ್ಟಿದ್ದಲ್ಲ ಮೇಸ್ತ್ರಿ."

"ಕೊಟ್ಟಿದ್ದು ನಾನೇ. ಬಾ, ಹೊತ್ತಾಗ್ತಿದೆ, ನರ್ಸಮ್ಮ ಕಾಯ್ತಾ ಇರ್ತಾರೆ."

ಹೋದೆ. ಅವತ್ತು ಎಲ್ಲಿ ಚುಚ್ಚಿತು ಎಂದು ಕೇಳಿದಾಗ ನನ್ನ ಸರದಿ ಬಂತು. ಮೆಟ್ಟಿಲ ಮೇಲೆ ನಾನು ಆಡಿದ ಮಾತನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಹೇಳಿ ಮುಗಿಸುವುದರೊಳಗೆ ಬೆವೆತುಹೋಗಿದ್ದೆ.

ಈ ಕೆಲಸದಿಂದ ಮೇಸ್ತ್ರಿಗೆ ಏನೂ ಸಿಗಲಿಲ್ಲ. ಮೆಷಿನ್ ರೂಮ್ ಹೋಯಿತು, ವಾಪಸ್ ಬರಲಿಲ್ಲ. ಸಾಮಾನು ಕೋಣೆ ಅವರಿಗೆ ಒಗ್ಗಿಲ್ಲ, ಕಿಟಕಿಯಿಲ್ಲದ ಜಾಗ. ಮಧ್ಯಾಹ್ನ ಅಂಗಳದಲ್ಲಿ ಯಾರಾದರೂ ಮೋಟಾರ್ ಪರೀಕ್ಷೆ ಮಾಡುತ್ತಿದ್ದರೆ ಬಾಗಿಲಲ್ಲಿ ಬಂದು ನಿಂತು ಕಣ್ಣು ಮುಚ್ಚುತ್ತಾರೆ. ಕೋಪ ಪೂರ್ತಿ ಹೋಗಿಲ್ಲ. ಹೋದ ತಿಂಗಳು ಮುರಿದ ಸ್ಪ್ಯಾನರ್ ವಾಪಸ್ ಕೊಟ್ಟವನಿಗೆ ಗೋಡೆ ಬಿರಿಯುವ ಹಾಗೆ ಕೂಗಿದರು. ಊಟದ ಹೊತ್ತಿಗೆ ಅವನ ಪಕ್ಕದಲ್ಲಿ ಹೋಗಿ ಕೂತರು. ಏನು ಹೇಳಿದರೋ ಗೊತ್ತಿಲ್ಲ, ಇಬ್ಬರೂ ಒಂದೇ ಡಬ್ಬಿಯಿಂದ ಊಟ ಮಾಡಿದರು.

ಇನ್ನು ಎರಡು ತಿಂಗಳಿಗೆ ಅವರ ನಿವೃತ್ತಿ. ಅಷ್ಟರೊಳಗೆ ಸಾಮಾನು ಕೋಣೆಯಲ್ಲಿ ಅವರನ್ನು ಕಾಣಲು ಆಗದಿದ್ದರೆ ಭಾನುವಾರ ನಾಲ್ಕಕ್ಕೆ ನರ್ಸಮ್ಮನ ಮೂರನೇ ಮಹಡಿಯ ಮನೆಗೆ ಹೋಗಿ, ಬಾಗಿಲಿಗೆ ಚಿಲಕ ಹಾಕಿರುವುದಿಲ್ಲ. ನರ್ಸಮ್ಮನಿಗೆ ಈಗ ಏನೂ ಕಾಣಿಸುವುದಿಲ್ಲ, ಪೂರ್ತಿ ಓದುವವರು ಮೇಸ್ತ್ರಿಯೇ. ದಯವಿಟ್ಟು ಒಮ್ಮೆ ಹೋಗಿ ಅವರನ್ನು ಕಾಣಿ. ಶಹಬ್ಬಾಸ್ ಅನ್ನಬೇಡಿ, ಅವರಿಗೆ ಮುಜುಗರ. ಸುಮ್ಮನೆ ಕೂತು ಕೇಳಿ. ತುಂಬಾ ನಿಧಾನವಾಗಿ ಓದುತ್ತಾರೆ, ಸ್ವಲ್ಪ ತಾಳ್ಮೆ ಇಟ್ಟುಕೊಂಡು ಹೋಗಿ.